ಕೆಮಿಕಲ್ ಇಂಜಿನಿಯರಿಂಗ್‌ಗೆ ಫೌಂಡೇಶನ್ ವರ್ಷ: ಬ್ರಿಟನ್ನಿಗೆ ಹೊರಟವರು ಹಂತಹಂತವಾಗಿ ನೋಡಬೇಕಾದ್ದು

ಪಿಯುಸಿ ಫಲಿತಾಂಶ ಬಂದ ವಾರ ಊರಿನಿಂದ ನನಗೆ ಫೋನುಗಳು ಶುರುವಾಗುತ್ತವೆ. "ಅಣ್ಣಾ, ಮ್ಯಾಥ್ಸಲ್ಲಿ ಐವತ್ತೆರಡು ಬಂದಿದೆ. ಇಂಗ್ಲೆಂಡಲ್ಲಿ ಫೌಂಡೇಶನ್ ಇಯರ್ ಮಾಡಿದ್ರೆ ಕೆಮಿಕಲ್ ಇಂಜಿನಿಯರಿಂಗ್ ಸಿಗುತ್ತಂತಲ್ಲ, ನಿಜವಾ?" ನಿಜ, ಸಿಗುತ್ತದೆ. ನಾನೂ ಹಾಗೆ ಬಂದವನೇ. ಪಾಂಡವಪುರದ ಹತ್ತಿರದ ಹಳ್ಳಿಯಿಂದ ಹೊರಟು, ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಒಂದು ವರ್ಷ ಫೌಂಡೇಶನ್ ಓದಿ, ಆಮೇಲೆ ಮೂರು ವರ್ಷ ಡಿಗ್ರಿ ಮಾಡಿ, ಈಗ ಅದೇ ಭಾಗದ ಟೀಸೈಡಿನಲ್ಲಿ ಪ್ರಾಸೆಸ್ ಇಂಜಿನಿಯರ್ ಆಗಿದ್ದೇನೆ. ಆದರೆ ಫೋನು ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ವರ್ಷದ ಅಗತ್ಯವೇ ಇರುವುದಿಲ್ಲ. ಅಗತ್ಯ ಇರುವವರಿಗೆ ಇದು ಬದುಕನ್ನೇ ತಿದ್ದಿಕೊಡುವ ವರ್ಷ. ಇಲ್ಲದವರಿಗೆ ಅಪ್ಪನ ಜಮೀನಿನ ಮೇಲೆ ಬೀಳುವ ಸಾಲ. ಇವೆರಡನ್ನು ಬೇರೆ ಮಾಡಿ ನೋಡಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದೇನೆಂದು ತಿಳಿಯಿರಿ

ಇಂಗ್ಲೆಂಡಿನಲ್ಲಿ ಇಂಜಿನಿಯರಿಂಗ್ ಡಿಗ್ರಿ ಮೂರು ವರ್ಷದ್ದು. ಅದನ್ನು ಬಿಇಂಗ್ ಎನ್ನುತ್ತಾರೆ. ಇನ್ನೊಂದು ವರ್ಷ ಸೇರಿಸಿ ನಾಲ್ಕು ವರ್ಷ ಓದಿದರೆ ಎಂಇಂಗ್. ಮೊದಲ ವರ್ಷಕ್ಕೆ ಕೂರಬೇಕಾದರೆ ಅಲ್ಲಿನ ಎ ಲೆವೆಲ್ (ನಮ್ಮ ಪಿಯುಸಿಯಂತೆ ಡಿಗ್ರಿಗೆ ಮೊದಲಿನ ಓದು) ಮಟ್ಟದ ಗಣಿತ, ಅದರ ಜೊತೆ ಕೆಮಿಸ್ಟ್ರಿ ಅಥವಾ ಫಿಸಿಕ್ಸ್ ಬಂದಿರಬೇಕು. ಆ ಮಟ್ಟ ತಲುಪದವರಿಗಾಗಿ ಮೊದಲ ವರ್ಷದ ಹಿಂದೆ ಒಂದು ವರ್ಷ ಜೋಡಿಸಿದ್ದಾರೆ. ಅದೇ ಫೌಂಡೇಶನ್ ಇಯರ್. ಕ್ಯಾಂಪಸ್ಸಿನಲ್ಲಿ ಕೆಲವರು ಇಯರ್ ಝೀರೋ ಎಂದೂ ಕರೆಯುತ್ತಾರೆ. ಈ ವರ್ಷದ ಅಂಕ ಕೊನೆಯ ಡಿಗ್ರಿಯ ದರ್ಜೆಗೆ ಸೇರುವುದಿಲ್ಲ. ಆದರೆ ಇದನ್ನು ದಾಟದೆ ಮುಂದಿನ ಬಾಗಿಲು ತೆರೆಯುವುದಿಲ್ಲ.

ಸ್ಕಾಟ್ಲೆಂಡಿನ ಪದ್ಧತಿ ಬೇರೆ. ಅಲ್ಲಿ ಬಿಇಂಗ್ ನಾಲ್ಕು ವರ್ಷ, ಮೊದಲ ವರ್ಷ ಕೆಳಗಿನ ಮಟ್ಟದಿಂದಲೇ ಶುರುವಾಗುತ್ತದೆ. ಸ್ಟ್ರಾತ್‌ಕ್ಲೈಡ್, ಹೆರಿಯಟ್-ವಾಟ್, ಎಡಿನ್‌ಬರೊ, ಅಬರ್ಡೀನ್, ನಾಲ್ಕೂ ಕಡೆ ಕೆಮಿಕಲ್ ಇಂಜಿನಿಯರಿಂಗ್ ಇದೆ. ಇಂಗ್ಲೆಂಡಿನಲ್ಲಿ ಫೌಂಡೇಶನ್ ಸೇರಿ ನಾಲ್ಕು ವರ್ಷ ಓದುವುದೂ ಸ್ಕಾಟ್ಲೆಂಡಿನಲ್ಲಿ ನೇರ ನಾಲ್ಕು ವರ್ಷ ಓದುವುದೂ ಕಾಲದ ಲೆಕ್ಕದಲ್ಲಿ ಒಂದೇ. ನಮ್ಮ ಏಜೆಂಟರು ಇದನ್ನು ಹೇಳುವುದು ಕಡಿಮೆ.

ಹಂತ 1: ನಿಮಗೆ ಈ ವರ್ಷ ಬೇಕೇ?

ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ಕೂರಿ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಓದಿ ಒಳ್ಳೆಯ ಅಂಕ ಬಂದಿದ್ದರೆ ಮೊದಲು ನೇರ ಪ್ರವೇಶವನ್ನೇ ನೋಡಿ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಹನ್ನೆರಡನೇ ತರಗತಿಯ ಅಂಕದ ಮೇಲೆ ನೇರವಾಗಿ ಸೇರಿಸಿಕೊಳ್ಳುತ್ತವೆ. ಅವರ ವೆಬ್‌ಸೈಟಿನಲ್ಲಿ ಭಾರತಕ್ಕೆಂದೇ ಒಂದು ಪುಟ ಇರುತ್ತದೆ. ಸಿಬಿಎಸ್‌ಇ ಮತ್ತು ಐಎಸ್‌ಸಿಗೆ ಒಂದು ಅಂಕ, ರಾಜ್ಯ ಬೋರ್ಡುಗಳಿಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ಅಂಕ ಕೇಳಿರುತ್ತಾರೆ. ನಮ್ಮ ಪಿಯುಸಿ ಎರಡನೆಯ ಸಾಲಿಗೆ ಬರುತ್ತದೆ. ಒಟ್ಟು ಶೇಕಡಾವಾರಿಗಿಂತ ಗಣಿತದ ಅಂಕ ಎಷ್ಟು ಕೇಳಿದ್ದಾರೆ ಎಂಬುದನ್ನು ಮೊದಲು ನೋಡಿ.

ಫೌಂಡೇಶನ್ ನಿಜವಾಗಿ ಬೇಕಾಗುವುದು ಬೇರೆ ಬಗೆಯವರಿಗೆ: ಕಾಮರ್ಸ್ ಓದಿ ಮನಸ್ಸು ಬದಲಾದವರು, ಗಣಿತ ಬಿಟ್ಟು ಬಯಾಲಜಿ ಹಿಡಿದವರು, ಪರೀಕ್ಷೆಯ ಹೊತ್ತಿನಲ್ಲಿ ಮನೆಯಲ್ಲಿ ಕಾಯಿಲೆಯೋ ಸಾವೋ ಆಗಿ ಅಂಕ ಕೈಕೊಟ್ಟವರು, ಓದು ನಿಲ್ಲಿಸಿ ಕೆಲಸಕ್ಕೆ ಹೋಗಿ ಈಗ ಮತ್ತೆ ಶುರುಮಾಡುವವರು. ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದ ಕನ್ನಡದ ಮನೆಗಳ ಮಕ್ಕಳಲ್ಲೂ ಎ ಲೆವೆಲ್‌ನಲ್ಲಿ ಬೇರೆ ವಿಷಯ ಆರಿಸಿಕೊಂಡು ಆಮೇಲೆ ಈ ದಾರಿಗೆ ಬಂದವರಿದ್ದಾರೆ.

ಊರಲ್ಲೇ ಇರುವ ದಾರಿಯನ್ನೂ ಪಕ್ಕದಲ್ಲಿಟ್ಟು ತೂಗಿ ನೋಡಿ. ಗಣಿತದಲ್ಲಿ ಐವತ್ತೆರಡು ಬಂದ ಹುಡುಗ ಸಿಇಟಿ ಬರೆಯಲು ಅರ್ಹ. ಸಾಮಾನ್ಯ ವರ್ಗಕ್ಕೆ ಬೇಕಿರುವುದು ಸಂಬಂಧಪಟ್ಟ ವಿಷಯಗಳಲ್ಲಿ ಒಟ್ಟು ಶೇಕಡಾ 45, ಮೀಸಲಾತಿ ಇರುವವರಿಗೆ 40. ಬೆಂಗಳೂರಿನ ಆರ್‌ವಿ ಕಾಲೇಜು, ತುಮಕೂರಿನ ಸಿದ್ಧಗಂಗಾ ಹೀಗೆ ಹಲವು ಕಡೆ ಕೆಮಿಕಲ್ ಬ್ರಾಂಚ್ ಇದೆ. ಕಂಪ್ಯೂಟರ್ ಸೈನ್ಸಿಗಿರುವ ನೂಕುನುಗ್ಗಲು ಅದಕ್ಕಿರುವುದಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಏಕೆಂದರೆ ಎಷ್ಟೋ ಹಳ್ಳಿ ಮಕ್ಕಳಿಗೆ ಗೊತ್ತಿಲ್ಲ: ನಮ್ಮ ಐಐಟಿಗಳಲ್ಲೂ ಒಂದು ವರ್ಷದ ಪ್ರಿಪರೇಟರಿ ಕೋರ್ಸ್ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಂಗವಿಕಲ ವರ್ಗದ ಸೀಟು ಖಾಲಿ ಉಳಿದಾಗ ಜೆಇಇ ಅಡ್ವಾನ್ಸ್ಡ್‌ನಲ್ಲಿ ಇನ್ನಷ್ಟು ಸಡಿಲ ಮಾಡಿದ ಅಂಕಕ್ಕೆ ಬೇರೆಯೇ ರ‍್ಯಾಂಕ್ ಪಟ್ಟಿ ಹೊರಡಿಸುತ್ತಾರೆ. ಆ ಪಟ್ಟಿಯಿಂದ ಸೀಟು ಸಿಕ್ಕವರು ಒಂದು ವರ್ಷ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಇಂಗ್ಲಿಷ್ ಓದಿ ಪಾಸಾದರೆ ಮುಂದಿನ ವರ್ಷ ತಮಗೆ ಸಿಕ್ಕ ಬ್ರಾಂಚಿಗೆ ಹೋಗುತ್ತಾರೆ. ಕೌನ್ಸೆಲಿಂಗಿನಲ್ಲಿ ಆ ಪಟ್ಟಿಯಲ್ಲಿ ಹೆಸರು ಬಂದರೆ ದಯವಿಟ್ಟು ಬಿಡಬೇಡಿ.

ಹಂತ 2: ಇದು ನಿಮ್ಮ ವಿದ್ಯೆಯೇ? ಒಂದು ಲೆಕ್ಕ ಹಾಕಿ ನೋಡಿ

ಕೆಮಿಸ್ಟ್ರಿ ಇಷ್ಟ, ಅದಕ್ಕೇ ಕೆಮಿಕಲ್ ಇಂಜಿನಿಯರಿಂಗ್ ಎನ್ನುವವರು ಬಹಳ. ಸೇರಿದ ಮೂರೇ ತಿಂಗಳಿಗೆ ಅವರಿಗೆ ಆಶ್ಚರ್ಯ ಕಾದಿರುತ್ತದೆ. ಇಲ್ಲಿ ಕೆಮಿಸ್ಟ್ರಿಗಿಂತ ಗಣಿತ ಹೆಚ್ಚು, ಅದರ ಬೆನ್ನಿಗೇ ಫಿಸಿಕ್ಸ್. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ನಡುವೆ ಖರ್ಚಾದ ಶಾಖವೆಷ್ಟು, ನಾಲ್ಕು ವರ್ಷವೂ ಕೇಳುವುದು ಇದನ್ನೇ.

ಇದನ್ನು ನಾನು ನಮ್ಮೂರಿನ ಆಲೆಮನೆ ಇಟ್ಟುಕೊಂಡೇ ಹೇಳುತ್ತೇನೆ. ಕೊಪ್ಪರಿಗೆಗೆ 100 ಕೆಜಿ ಕಬ್ಬಿನ ಹಾಲು ಬಿಟ್ಟಿರಿ ಎನ್ನಿ. ಅದರಲ್ಲಿ ನೂರಕ್ಕೆ 18 ಪಾಲು ಸಕ್ಕರೆ ಮತ್ತಿತರ ಕರಗಿದ ವಸ್ತು, ಮಿಕ್ಕದ್ದು ನೀರು. ಅಚ್ಚಿಗೆ ಸುರಿಯುವ ಬೆಲ್ಲದಲ್ಲಿ ನೂರಕ್ಕೆ 5 ಪಾಲು ನೀರು ಉಳಿದಿದೆ ಎಂದಿಟ್ಟುಕೊಳ್ಳಿ. ಬೆಲ್ಲ ಎಷ್ಟು ಬರುತ್ತದೆ? ಕರಗಿದ 18 ಕೆಜಿ ಎಲ್ಲಿಗೂ ಹೋಗಿಲ್ಲ, ಅದು ಬೆಲ್ಲದ ನೂರಕ್ಕೆ 95 ಪಾಲಾಗಿ ಕೂತಿದೆ. 18ನ್ನು 0.95ರಿಂದ ಭಾಗಿಸಿ: ಸುಮಾರು 19 ಕೆಜಿ. ಹಾಗಾದರೆ ಆವಿಯಾಗಿ ಹೋದ ನೀರು 81 ಕೆಜಿ. ಕುದಿಯುವ ನೀರು ಆವಿಯಾಗಲು ಕೆಜಿಗೆ 2,257 ಕಿಲೋಜೂಲ್ ಬೇಕು. 81 ಕೆಜಿಗೆ ಹತ್ತಿರಹತ್ತಿರ 1,83,000 ಕಿಲೋಜೂಲ್. ಹಾಲನ್ನು ಕುದಿಯುವ ಮಟ್ಟಕ್ಕೆ ತರುವ ಶಾಖ ಇದರ ಮೇಲೆ. ಒಲೆಗೆ ತುಂಬುವ ಒಣ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ಅಷ್ಟನ್ನೂ ಕೊಡಬೇಕು. ಹೊಗೆಯ ಜೊತೆ ಹೋಗುವುದು, ಕೊಪ್ಪರಿಗೆಯ ಅಂಚಿನಿಂದ ಗಾಳಿಗೆ ಹೋಗುವುದು ಬೇರೆ. ಮಡ್ಡಿ ತೆಗೆಯುವುದನ್ನು ನಾನು ಬಿಟ್ಟಿದ್ದೇನೆ, ಅದನ್ನೂ ಸೇರಿಸಿ ನೀವೇ ಹಾಕಿ ನೋಡಿ.

ಈಗ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆಯ ಕಡೆ ತಿರುಗಿ. 1933ರಲ್ಲಿ ಶುರುವಾದ ಕಂಪನಿ ಅದು. ಸಕ್ಕರೆ ಕಾರ್ಖಾನೆಗಳಲ್ಲಿ ಹಾಲನ್ನು ಬಯಲಿಗೆ ತೆರೆದ ಕೊಪ್ಪರಿಗೆಯಲ್ಲಿ ಕುದಿಸುವುದಿಲ್ಲ. ಸಾಲಾಗಿ ನಿಂತ ಮುಚ್ಚಿದ ಪಾತ್ರೆಗಳಿರುತ್ತವೆ. ಮೊದಲನೆಯದರಿಂದ ಎದ್ದ ಆವಿಯೇ ಎರಡನೆಯದಕ್ಕೆ ಉರಿ. ಎರಡನೆಯದರಲ್ಲಿ ಒತ್ತಡ ಕಡಿಮೆ ಮಾಡಿರುತ್ತಾರೆ, ಅದರಿಂದ ಅಲ್ಲಿ ಕಡಿಮೆ ಬಿಸಿಗೇ ಕುದಿಯುತ್ತದೆ. ಒಂದೇ ಶಾಖ ಮೂರು ನಾಲ್ಕು ಸಲ ದುಡಿಯುತ್ತದೆ. ಇದನ್ನು ಓದಿ "ಓಹ್, ಹೌದಲ್ಲ" ಎಂದು ನಿಮಗೆ ಒಳಗಿಂದ ಅನ್ನಿಸಿದರೆ ಈ ವಿದ್ಯೆ ನಿಮ್ಮದು. ಬೇಸರ ಬಂದರೆ ಅದೂ ಒಳ್ಳೆಯದೇ, ಕೋಟಿ ರೂಪಾಯಿ ಸುರಿಯುವ ಮೊದಲೇ ತಿಳಿಯಿತಲ್ಲ.

ಈ ಓದು ಹುಟ್ಟಿದ್ದೂ ಹೀಗೇ. ಜಾರ್ಜ್ ಡೇವಿಸ್ ಎಂಬಾತ ಇಂಗ್ಲೆಂಡಿನ ಕ್ಷಾರ ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಆಗಿದ್ದ. ಬೇರೆಬೇರೆ ಕಾರ್ಖಾನೆ, ಬೇರೆಬೇರೆ ಸರಕು. ಆದರೂ ಕುದಿಸುವುದು, ಸೋಸುವುದು, ಒಣಗಿಸುವುದು, ಬೇರ್ಪಡಿಸುವುದು ಎಲ್ಲ ಕಡೆಯೂ ಒಂದೇ ಎಂದು ಗುರುತಿಸಿ 1880ರ ದಶಕದಲ್ಲಿ ಮ್ಯಾಂಚೆಸ್ಟರಿನಲ್ಲಿ ಹನ್ನೆರಡು ಉಪನ್ಯಾಸ ಕೊಟ್ಟ. ಇಂದಿಗೂ ಪಠ್ಯ ನಿಂತಿರುವುದು ಅದೇ ತಳಹದಿಯ ಮೇಲೆ.

ಹಂತ 3: ಕೋರ್ಸ್ ಆರಿಸುವಾಗ

ಫೌಂಡೇಶನ್ ಎನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಸರಕು ಮಾರಾಟವಾಗುತ್ತವೆ. ಒಂದು, ಡಿಗ್ರಿಯೊಳಗೇ ಸೇರಿಸಿದ ಫೌಂಡೇಶನ್. ವಿಶ್ವವಿದ್ಯಾಲಯವೇ ಪಾಠ ಮಾಡುತ್ತದೆ, ಪ್ರವೇಶ ಪತ್ರ ಇಡೀ ನಾಲ್ಕು ವರ್ಷಕ್ಕೆ ಒಂದೇ. ಮ್ಯಾಂಚೆಸ್ಟರ್, ಸ್ವಾನ್ಸೀ, ಬ್ರಾಡ್‌ಫರ್ಡ್, ಸರ್ರೆ ಮುಂತಾದ ಕಡೆ ಕೆಮಿಕಲ್ ಇಂಜಿನಿಯರಿಂಗನ್ನು ಹೀಗೆ ಓದಬಹುದು. ಇನ್ನೊಂದು, ಪಾತ್‌ವೇ ಕಾಲೇಜು. ಖಾಸಗಿ ಸಂಸ್ಥೆಯೊಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡು ವಿದೇಶಿ ವಿದ್ಯಾರ್ಥಿಗಳಿಗೆ ಒಂದು ವರ್ಷ ಕಲಿಸುತ್ತದೆ. ಅಲ್ಲಿ ಪಾಸಾದ ಮೇಲೆ ಡಿಗ್ರಿಗೆ ಬೇರೆ ಪ್ರವೇಶ.

ನನ್ನನ್ನು ಏಜೆಂಟ್ ಸೇರಿಸಿದ್ದು ಎರಡನೆಯದಕ್ಕೆ. "ಪಾಸಾದ್ರೆ ಸಾಕು, ಸೀಟು ನಿಮ್ದೇ" ಎಂದಿದ್ದರು. ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಟ್ಯೂಟರ್ ಒಂದು ಹಾಳೆ ಕೊಟ್ಟರು. ಕೆಮಿಕಲ್ ಇಂಜಿನಿಯರಿಂಗಿಗೆ ಹೋಗಬೇಕಾದರೆ ಗಣಿತದಲ್ಲಿ 70, ಕೆಮಿಸ್ಟ್ರಿಯಲ್ಲಿ 60 ಬೇಕೆಂದು ಅದರಲ್ಲಿತ್ತು. ಅಷ್ಟು ಹೊತ್ತಿಗೆ ಗಣಿತದ ಮೊದಲ ಟೆಸ್ಟಿನಲ್ಲಿ ನನಗೆ 38 ಬಂದಾಗಿತ್ತು. ಬ್ರಿಟನ್ನಿನ 70ನ್ನು ನಮ್ಮ 70 ಎಂದು ತಿಳಿಯಬೇಡಿ. ಅಲ್ಲಿ ಸಾಮಾನ್ಯವಾಗಿ 40ಕ್ಕೆ ಪಾಸ್, 70 ದಾಟಿದರೆ ಫಸ್ಟ್ ಕ್ಲಾಸ್. ಆ ಹಾಳೆಯನ್ನು ನಾನು ಊರಲ್ಲೇ ಕೇಳಿ ಪಡೆಯಬೇಕಿತ್ತು. ಕೇಳಬೇಕೆಂದೇ ಗೊತ್ತಿರಲಿಲ್ಲ.

ಆದ್ದರಿಂದ ದುಡ್ಡು ಕಟ್ಟುವ ಮೊದಲು ಈ ನಾಲ್ಕನ್ನು ಅಡ್ಮಿಷನ್ ಆಫೀಸಿಗೆ ನೀವೇ ಇಮೇಲ್ ಬರೆದು ಕೇಳಿ. ಏಜೆಂಟರ ಬಾಯಿಮಾತು ಸಾಲದು, ಬರಹದಲ್ಲಿ ಉತ್ತರ ಬರಲಿ.

- ಫೌಂಡೇಶನ್‌ನಿಂದ ಕೆಮಿಕಲ್ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಹೋಗಲು ಯಾವ ವಿಷಯದಲ್ಲಿ ಎಷ್ಟು ಅಂಕ ಬೇಕು? ತಪ್ಪಿದರೆ ಮರುಪರೀಕ್ಷೆ ಇದೆಯೇ, ಆ ಅಂಕಕ್ಕೆ ಮಿತಿ ಹಾಕುತ್ತಾರೆಯೇ?
- ಈ ಫೌಂಡೇಶನ್ ವಿದೇಶಿ ವಿದ್ಯಾರ್ಥಿಗಳಿಗೆ ತೆರೆದಿದೆಯೇ? ಕೆಲವು ಕಡೆ ಇದು ಅಲ್ಲಿನವರಿಗೆ ಮಾತ್ರ, ನಮ್ಮನ್ನು ಪಾತ್‌ವೇ ಕಾಲೇಜಿಗೆ ಕಳಿಸುತ್ತಾರೆ.
- ಕೆಮಿಸ್ಟ್ರಿ ಲ್ಯಾಬ್ ವಾರಕ್ಕೆ ಎಷ್ಟು ಗಂಟೆ? ಇಡೀ ವರ್ಷ ಗಣಿತ, ಫಿಸಿಕ್ಸ್ ಮಾತ್ರ ಇದ್ದು ಕೆಮಿಸ್ಟ್ರಿ ಹೆಸರಿಗಷ್ಟೇ ಇರುವ ಕೋರ್ಸುಗಳೂ ಇವೆ.
- ಮುಂದಿನ ಡಿಗ್ರಿಗೆ ಐಕೆಮ್‌ಇ ಮಾನ್ಯತೆ ಇದೆಯೇ?

ಕೊನೆಯದನ್ನು ಬಿಡಿಸಿ ಹೇಳಬೇಕು. ಐಕೆಮ್‌ಇ ಎಂದರೆ 1922ರಲ್ಲಿ ಹುಟ್ಟಿದ ಕೆಮಿಕಲ್ ಇಂಜಿನಿಯರುಗಳ ಸಂಸ್ಥೆ. ಅದು ಮಾನ್ಯ ಮಾಡಿದ ಡಿಗ್ರಿಗಳ ಪಟ್ಟಿ ಅದರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಮುಂದೆ ಚಾರ್ಟರ್ಡ್ ಇಂಜಿನಿಯರ್ (ವೃತ್ತಿ ಸಂಸ್ಥೆಯ ಮನ್ನಣೆ ಪಡೆದ ಇಂಜಿನಿಯರ್) ಆಗಬೇಕೆಂದರೆ ಮಾನ್ಯತೆ ಇರುವ ಎಂಇಂಗ್ ಇದ್ದರೆ ಓದಿನ ಭಾಗ ಅಲ್ಲಿಗೆ ಮುಗಿಯುತ್ತದೆ. ಬಿಇಂಗ್ ಆದರೆ ಮೇಲೆ ಇನ್ನಷ್ಟು ಓದು ತೋರಿಸಬೇಕು. ಎಂಇಂಗ್ ಆರಿಸುವ ಭಾರತೀಯರಿಗೆ ಇನ್ನೊಂದು ಕಾಗದ ಬೇಕು, ಅಟಾಸ್. ಕೆಲವು ತಾಂತ್ರಿಕ ವಿಷಯಗಳನ್ನು ಮಾಸ್ಟರ್ಸ್ ಮಟ್ಟದಲ್ಲಿ ಓದುವ ವಿದೇಶಿಯರಿಗೆ ಬ್ರಿಟಿಷ್ ಸರ್ಕಾರ ಕೊಡುವ ಒಪ್ಪಿಗೆ ಅದು. ಕೆಮಿಕಲ್ ಇಂಜಿನಿಯರಿಂಗ್ ಆ ಪಟ್ಟಿಯಲ್ಲಿದೆ. ಶುಲ್ಕವಿಲ್ಲ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಅದಿಲ್ಲದೆ ವೀಸಾಕ್ಕೆ ಹೋಗುವಂತಿಲ್ಲ. ಬಿಇಂಗ್‌ಗೆ ಇದು ಬೇಡ.

ಹಂತ 4: ದುಡ್ಡಿನ ಲೆಕ್ಕ

ಇದನ್ನು ಅಪ್ಪ ಅಮ್ಮನ ಜೊತೆ ಕೂತು, ಕಾಗದದ ಮೇಲೆ ಬರೆದು ಮಾಡಿ. ವಿದೇಶಿ ವಿದ್ಯಾರ್ಥಿಯ ಫೀಸು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಲೆಕ್ಕಕ್ಕೆಂದು ಫೌಂಡೇಶನ್ ವರ್ಷಕ್ಕೆ 20,000 ಪೌಂಡ್, ಡಿಗ್ರಿ ವರ್ಷಕ್ಕೆ 26,000 ಪೌಂಡ್ ಹಿಡಿಯೋಣ. ನಿಮ್ಮ ಕೋರ್ಸಿನ ಸಂಖ್ಯೆಯನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. ಇರುವ ಖರ್ಚಿಗೆ ವೀಸಾ ನಿಯಮವೇ ಒಂದು ಅಳತೆ ಕೊಡುತ್ತದೆ. 2025ರ ನವೆಂಬರ್‌ನಿಂದ ಲಂಡನ್ನಿನ ಹೊರಗೆ ತಿಂಗಳಿಗೆ 1,171 ಪೌಂಡ್, ಲಂಡನ್ನಿನಲ್ಲಿ 1,529. ಒಂಬತ್ತು ತಿಂಗಳಿಗೆ ಲಂಡನ್ ಹೊರಗೆ 10,539 ಆಯಿತು. ವೀಸಾದ ಜೊತೆ ಕಟ್ಟುವ ಆರೋಗ್ಯ ಸರ್ಚಾರ್ಜ್ ವರ್ಷಕ್ಕೆ 776.

ಫೌಂಡೇಶನ್ ಒಂದೇ ವರ್ಷಕ್ಕೆ ಇವನ್ನು ಕೂಡಿದರೆ 31,315 ಪೌಂಡ್. ಪೌಂಡಿಗೆ 115 ರೂಪಾಯಿ ಎಂದರೆ 36 ಲಕ್ಷ. ನಾಲ್ಕು ವರ್ಷಕ್ಕೆ ಒಂದೂವರೆ ಕೋಟಿ ದಾಟುತ್ತದೆ. ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕು ಊರಲ್ಲೇ ಓದಿದರೆ ಹಾಸ್ಟೆಲ್ ಸೇರಿದರೂ ಇದರ ಹತ್ತನೇ ಒಂದು ಪಾಲು ಆಗುವುದಿಲ್ಲ. ನೇರ ಪ್ರವೇಶ ಸಿಗುವವರು ಫೌಂಡೇಶನ್ ಯಾಕೆ ಬಿಡಬೇಕು ಎಂದು ನಾನು ಹೇಳುವುದು ಈ 36 ಲಕ್ಷದ ಕಾರಣಕ್ಕೆ.

ಪಾರ್ಟ್ ಟೈಮ್ ದುಡಿದು ಫೀಸು ಕಟ್ಟುತ್ತೇನೆ ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಡಿಗ್ರಿ ಮಟ್ಟದ ವೀಸಾದಲ್ಲಿ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಪಾತ್‌ವೇ ಕಾಲೇಜಿನಂಥ, ಡಿಗ್ರಿಗಿಂತ ಕೆಳಗಿನ ಕೋರ್ಸಾದರೆ 10 ಗಂಟೆ. ಅದು ದಿನಸಿಗೂ ಬಸ್ಸಿಗೂ ಆಗುತ್ತದೆ, ಅಷ್ಟೇ.

ಹಂತ 5: ಅರ್ಜಿ

ಡಿಗ್ರಿಗೂ ಡಿಗ್ರಿಯೊಳಗಿನ ಫೌಂಡೇಶನ್‌ಗೂ ಅರ್ಜಿ ಸಾಮಾನ್ಯವಾಗಿ ಹೋಗುವುದು ಯೂಕ್ಯಾಸ್ ಎಂಬ ಆನ್‌ಲೈನ್ ಬಾಗಿಲಿನಿಂದ. ಐದು ಆಯ್ಕೆ ಹಾಕಬಹುದು. ಸೆಪ್ಟೆಂಬರಿನಲ್ಲಿ ಸೇರುವವರಿಗೆ ಮುಖ್ಯ ಗಡುವು ಅದೇ ವರ್ಷದ ಜನವರಿಯಲ್ಲಿ ಬೀಳುತ್ತದೆ. 2026ರ ಪ್ರವೇಶಕ್ಕೆ ಅದು ಜನವರಿ 14 ಆಗಿತ್ತು. ಅಂದರೆ ದ್ವಿತೀಯ ಪಿಯು ಪರೀಕ್ಷೆಗೆ ಮೊದಲೇ. ಗಡುವಿನ ನಂತರವೂ ಸೀಟು ಉಳಿದಿದ್ದರೆ ತೆಗೆದುಕೊಳ್ಳುತ್ತಾರೆ, ಆದರೆ ಸಾಲ ಮತ್ತು ವೀಸಾಕ್ಕೆ ಸಮಯ ಸಾಲದೆ ಒದ್ದಾಡುವವರು ಇವರೇ. ಐದೂ ಆಯ್ಕೆಯನ್ನು ಫೌಂಡೇಶನ್‌ಗೆ ಸುರಿಯಬೇಡಿ. ಎರಡು ಮೂರು ನೇರ ಪ್ರವೇಶಕ್ಕೆ, ಒಂದು ಸ್ಕಾಟ್ಲೆಂಡಿಗೆ, ಉಳಿದದ್ದು ಫೌಂಡೇಶನ್‌ಗೆ ಹಾಕಿ.

ಕಾಲೇಜಿನ ಲೆಕ್ಚರರ್ ಒಬ್ಬರು ರೆಫರೆನ್ಸ್ ಪತ್ರ ಬರೆಯಬೇಕು. ದಸರಾ ರಜೆಗೆ ಮೊದಲೇ ಹೋಗಿ ಕೇಳಿ. ನಿಮ್ಮನ್ನು ತರಗತಿಯಲ್ಲಿ ನಿಜವಾಗಿ ಬಲ್ಲ ಕೆಮಿಸ್ಟ್ರಿ ಮೇಷ್ಟ್ರು, ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಬರೆದುಕೊಡುತ್ತಾರೆ.

ಪರ್ಸನಲ್ ಸ್ಟೇಟ್‌ಮೆಂಟ್ ಈಗ ಒಂದೇ ಪ್ರಬಂಧವಾಗಿ ಉಳಿದಿಲ್ಲ. 2026ರ ಪ್ರವೇಶದಿಂದ ಮೂರು ಪ್ರಶ್ನೆ ಮಾಡಿದ್ದಾರೆ: ಈ ಕೋರ್ಸ್ ಯಾಕೆ, ನಿಮ್ಮ ಓದು ಇದಕ್ಕೆ ಹೇಗೆ ಸಿದ್ಧ ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಮೂರೂ ಸೇರಿ 4,000 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ. ಏಜೆಂಟರ ಹತ್ತಿರ ಇದಕ್ಕೆ ಸಿದ್ಧ ಮಾದರಿಗಳಿರುತ್ತವೆ. "ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಎಂದು ಶುರುವಾಗುವಂಥವು. ಮುಟ್ಟಬೇಡಿ. ಮೇಲಿನ ಆಲೆಮನೆಯಂಥ ಒಂದು ಲೆಕ್ಕ ನೀವೇ ಮಾಡಿ, ಅದನ್ನು ಬರೆಯಿರಿ. ಡೈರಿಯಲ್ಲಿ ಹಾಲು ಕಾಯಿಸಿ ತಣಿಸುವುದು, ಊರಿನ ಶುದ್ಧ ನೀರಿನ ಘಟಕದಲ್ಲಿ ಒಳಗೆ ಹೋದ ನೀರೆಷ್ಟು ಚರಂಡಿಗೆ ಬಿಟ್ಟದ್ದೆಷ್ಟು ಎಂದು ಬಕೆಟ್ ಹಿಡಿದು ಅಳೆದದ್ದು, ಕಾಫಿ ಪಲ್ಪಿಂಗಿನ ನೀರು, ಯಾವುದಾದರೂ ಸರಿ. ಗಣಿತದಲ್ಲಿ ಅಂಕ ಯಾಕೆ ಕಡಿಮೆ ಬಂತೆಂದು ಎರಡು ಸಾಲಿನಲ್ಲಿ ನೇರವಾಗಿ ಹೇಳಿ, ಆಮೇಲೆ ಅದಕ್ಕೆ ಏನು ಮಾಡುತ್ತಿದ್ದೀರಿ ಎಂದು ಬರೆಯಿರಿ.

ಇಂಗ್ಲಿಷ್ ಪರೀಕ್ಷೆ ಕಟ್ಟುವ ಮೊದಲು ಸಾಮಾನ್ಯ ಐಇಎಲ್‌ಟಿಎಸ್ ಸಾಕೇ, ಬ್ರಿಟನ್ನಿನ ವೀಸಾಕ್ಕೆಂದೇ ಇರುವ ಯುಕೆವಿಐ ಮಾದರಿಯದೇ ಬೇಕೇ ಎಂದು ಕೇಳಿಕೊಳ್ಳಿ. ಎರಡೂ ಬೇರೆ ಬುಕಿಂಗ್.

ಹಂತ 6: ವೀಸಾ

ಪ್ರವೇಶ ಗಟ್ಟಿಯಾಗಿ, ಕೇಳಿದ ಡಿಪಾಸಿಟ್ ಕಟ್ಟಿದ ಮೇಲೆ ವಿಶ್ವವಿದ್ಯಾಲಯ ಕ್ಯಾಸ್ ಸಂಖ್ಯೆ, ಅಂದರೆ ನಿಮ್ಮನ್ನು ಸೇರಿಸಿಕೊಂಡದ್ದಕ್ಕೆ ದಾಖಲೆ, ಕೊಡುತ್ತದೆ. ವೀಸಾ ಅರ್ಜಿ ನಿಲ್ಲುವುದು ಅದರ ಮೇಲೆ. ನಮ್ಮ ಕಡೆಯವರು ಹೆಚ್ಚು ಎಡವುವುದು ಬ್ಯಾಂಕ್ ದಾಖಲೆಯಲ್ಲಿ. ಮೊದಲ ವರ್ಷದ ಬಾಕಿ ಫೀಸು ಮತ್ತು ಒಂಬತ್ತು ತಿಂಗಳ ಖರ್ಚು, ಎರಡೂ ಸೇರಿದ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದು ದಿನ ಒಂದು ರೂಪಾಯಿ ಕೆಳಗಿಳಿದರೂ ಎಣಿಕೆ ಮತ್ತೆ ಮೊದಲಿಂದ. ಖಾತೆ ನಿಮ್ಮದು ಅಥವಾ ಅಪ್ಪ ಅಮ್ಮನದು ಆಗಿರಬೇಕು. ಚಿಕ್ಕಪ್ಪನ ಖಾತೆ, ತಾತನ ಎಫ್‌ಡಿ ನಡೆಯುವುದಿಲ್ಲ. ಅವರ ದುಡ್ಡಾದರೆ ಮೊದಲೇ ಅಪ್ಪನ ಖಾತೆಗೆ ಬಂದು 28 ದಿನ ಕೂರಲಿ. ಬ್ಯಾಂಕಿನಿಂದ ಶಿಕ್ಷಣ ಸಾಲ ಮಂಜೂರಾಗಿದ್ದರೆ ಆ ಪತ್ರವನ್ನೂ ತೋರಿಸಬಹುದು.

ಅಪ್ಪ ಅಮ್ಮನ ಖಾತೆ ತೋರಿಸುವಾಗ ಅವರ ಒಪ್ಪಿಗೆ ಪತ್ರದ ಜೊತೆ ನಿಮ್ಮ ಜನನ ಪ್ರಮಾಣಪತ್ರ ಬೇಕು. ಹಳ್ಳಿಗಳಲ್ಲಿ ಎಷ್ಟೋ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಅಪ್ಪನ ಹೆಸರು ಒಂದರಲ್ಲಿ ಇನಿಷಿಯಲ್ ಸಮೇತ, ಇನ್ನೊಂದರಲ್ಲಿ ಇಲ್ಲದೆ ಇರುತ್ತದೆ. ಇದನ್ನು ಸರಿಮಾಡಿಸಲು ಓಡಾಟ ಬೇಕು. ಪ್ರಥಮ ಪಿಯುಸಿಯಲ್ಲಿದ್ದಾಗಲೇ ತೆಗೆದು ನೋಡಿ. ಕ್ಷಯರೋಗ ಪರೀಕ್ಷೆಯನ್ನು ಅವರು ಒಪ್ಪಿದ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು. ಆ ಪ್ರಮಾಣಪತ್ರ ಆರು ತಿಂಗಳಷ್ಟೇ ಚಾಲ್ತಿಯಲ್ಲಿರುತ್ತದೆ. ಸೇರುವ ಹೊತ್ತಿಗೆ ಹದಿನೆಂಟು ತುಂಬದಿದ್ದರೆ ವಿಶ್ವವಿದ್ಯಾಲಯಕ್ಕೆ ಮೊದಲೇ ತಿಳಿಸಿ, ಕೆಲವು ಕಡೆ ಒಪ್ಪುವುದಿಲ್ಲ.

ಓದಿದ ಮೇಲೆ ಅಲ್ಲಿ ಉಳಿಯುವ ಗ್ರಾಜುಯೇಟ್ ವೀಸಾ ಇಲ್ಲಿಯತನಕ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಬಿಇಂಗ್, ಎಂಇಂಗ್ ಪದವೀಧರರಿಗೆ 18 ತಿಂಗಳು. ಈಗ ಹೊರಡುವವರಿಗೆ ಸಿಗುವುದು 18 ತಿಂಗಳೇ. ಸಾಲ ತೀರಿಸುವ ಲೆಕ್ಕವನ್ನು ಅದಕ್ಕೆ ಹೊಂದಿಸಿ ಹಾಕಿ.

ಹಂತ 7: ಆ ಒಂದು ವರ್ಷ

ಮೊದಲ ವಾರಗಳಲ್ಲಿ ಪಾಠ ಸುಲಭ ಅನ್ನಿಸುತ್ತದೆ. ವರ್ಗ ಸಮೀಕರಣ, ಲಾಗರಿದಮ್, ತ್ರಿಕೋನಮಿತಿ, ಎಲ್ಲವನ್ನೂ ಪಿಯುಸಿಯಲ್ಲಿ ನೋಡಿದ್ದೇವೆ ಎಂದುಕೊಂಡು ನಮ್ಮ ಹುಡುಗರು ಸಡಿಲ ಬಿಡುತ್ತಾರೆ. ನಾನೂ ಬಿಟ್ಟೆ, 38 ಬಂದದ್ದು ಹಾಗೆ. ನಮಗೆ ಸೂತ್ರ ಬಾಯಿಗೆ ಬರುತ್ತದೆ, ಆದರೆ ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಹೇಳದೆ ಕೊಟ್ಟರೆ ಕೈಕಟ್ಟಿದಂತಾಗುತ್ತದೆ. ಅಲ್ಲಿ ಪ್ರಶ್ನೆಯೇ ಹಾಗೆ ಬರುವುದು.

ನನ್ನನ್ನು ಮೇಲೆತ್ತಿದ್ದು ಟ್ಯೂಟರ್ ಹಾಕಿಕೊಟ್ಟ ಒಂದು ಅಭ್ಯಾಸ. ಪ್ರತಿ ಲೆಕ್ಕಕ್ಕೂ ಉತ್ತರ ಬರೆಯುವ ಮೊದಲು ಮೂರು ಕೆಲಸ: ಚಿತ್ರ ಬರೆ, ಪ್ರತಿ ಸಂಖ್ಯೆಯ ಪಕ್ಕ ಮಾನ ಬರೆ, ಉತ್ತರ ಅಂದಾಜು ಎಷ್ಟಿರಬೇಕೆಂದು ಊಹಿಸು. ಗ್ಯಾಸಿನ ಸೂತ್ರದಲ್ಲಿ ತಾಪಮಾನಕ್ಕೆ ಸೆಲ್ಸಿಯಸ್‌ನ 25 ಹಾಕಿದ್ದೆ, ಕೆಲ್ವಿನ್‌ನ 298 ಹಾಕಬೇಕಿತ್ತು. ಉತ್ತರ ಹನ್ನೆರಡು ಪಟ್ಟು ತಪ್ಪಿತ್ತು. ಪಕ್ಕದಲ್ಲಿ ಕೆಲ್ವಿನ್ ಎಂದು ಬರೆಯುವ ಅಭ್ಯಾಸವಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಒತ್ತಡದ ಗೇಜು ಸೊನ್ನೆ ತೋರಿಸಿದರೂ ಒಳಗೆ 101 ಕಿಲೋಪಾಸ್ಕಲ್ ಗಾಳಿಯ ಒತ್ತಡ ಇದ್ದೇ ಇರುತ್ತದೆ. ಇದನ್ನು ಮರೆತು ಅಂಕ ಕಳೆದುಕೊಂಡವರು ನನ್ನ ತರಗತಿಯಲ್ಲಿ ಅರ್ಧ ಜನ. ಲಾಗರಿದಮ್ ಯಾಕೆ ಕಲಿಯಬೇಕೆಂದು ನನಗೆ ಅರ್ಥವಾದದ್ದು ಲ್ಯಾಬಿನಲ್ಲಿ. ರಾಸಾಯನಿಕ ಕ್ರಿಯೆಯ ವೇಗವನ್ನು ಐದು ಬಿಸಿಯಲ್ಲಿ ಅಳೆದು, ವೇಗದ ಲಾಗ್ ಒಂದು ಕಡೆ, ತಾಪಮಾನದ ವಿಲೋಮ ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಹಾಕಿದೆ. ಐದೂ ಚುಕ್ಕೆ ಒಂದೇ ಗೆರೆಯಲ್ಲಿ ಬಂದು ಕೂತವು. ಆವತ್ತು ರೂಮಿಗೆ ಹೋಗಿ ಅಮ್ಮನಿಗೆ ಫೋನು ಮಾಡಿದ್ದೆ.

ಲ್ಯಾಬಿಗೆ ಕಾಲಿಡುವ ಮೊದಲು ಕಾಶ್ ಎಂಬ ಫಾರ್ಮ್ ತುಂಬಿಸುತ್ತಾರೆ. ಯಾವ ರಾಸಾಯನಿಕ, ಮೈಗೆ ತಾಗಿದರೆ ಏನು, ಚೆಲ್ಲಿದರೆ ಏನು, ಎಲ್ಲಿ ಎಸೆಯಬೇಕು. ಹಿಂದಿನವರದನ್ನು ನೋಡಿ ಬರೆದು ಕೊಡುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಫ್ಲಿಕ್ಸ್‌ಬರೊ ಎಂಬ ಹೆಸರು ನಿಮ್ಮ ಕಿವಿಗೆ ಬೀಳುತ್ತದೆ. ಇಂಗ್ಲೆಂಡಿನ ಆ ಊರಿನಲ್ಲಿ ಸೈಕ್ಲೊಹೆಕ್ಸೇನ್ ಎಂಬ ಬೇಗ ಹೊತ್ತಿಕೊಳ್ಳುವ ದ್ರವ ಬಳಸುವ ಕಾರ್ಖಾನೆಯಿತ್ತು. ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ (ರಾಸಾಯನಿಕ ಕ್ರಿಯೆ ನಡೆಯುವ ದೊಡ್ಡ ಪಾತ್ರೆಗಳು) ಐದನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು, ನಾಲ್ಕನೆಯದನ್ನೂ ಆರನೆಯದನ್ನೂ ತಾತ್ಕಾಲಿಕ ಪೈಪಿನಿಂದ ಜೋಡಿಸಿದರು. ರಿಯಾಕ್ಟರಿನ ಬಾಯಿ 28 ಇಂಚು, ಪೈಪು 20 ಇಂಚು. ಅದರ ನಕ್ಷೆ ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ. 1974ರ ಜೂನ್ 1, ಶನಿವಾರ ಸಂಜೆ ಆ ಪೈಪು ಒಡೆದು ಸ್ಫೋಟವಾಗಿ 28 ಜನ ಸತ್ತರು. ಹತ್ತು ವರ್ಷದ ಮೇಲೆ ಭೋಪಾಲ್. ಆ ಫಾರ್ಮಿನ ಖಾಲಿ ಜಾಗಗಳನ್ನು ಯೋಚಿಸಿ ತುಂಬುವುದು ಈ ಓದಿನ ಮೊದಲ ಪಾಠ.

ಲ್ಯಾಬ್ ರಿಪೋರ್ಟನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ನಾವು ಊರಲ್ಲಿ ರೆಕಾರ್ಡ್ ಬುಕ್ ಒಬ್ಬರದನ್ನು ಒಬ್ಬರು ನೋಡಿ ಬರೆದವರು. ಅಲ್ಲಿ ಅದು ಶಿಸ್ತುಕ್ರಮಕ್ಕೆ ಹೋಗುವ ತಪ್ಪು, ಗೆಳೆಯನಿಗೆ ಕೊಟ್ಟವನದೂ ತಪ್ಪೇ. ಹಾಜರಾತಿ ತಪ್ಪಿಸಬೇಡಿ, ಅದನ್ನು ವೀಸಾದ ಕಾರಣಕ್ಕೂ ಎಣಿಸುತ್ತಾರೆ. ಟ್ಯೂಟರ್ ಬಾಗಿಲಿನ ಮೇಲೆ ಭೇಟಿಯ ಸಮಯ ಬರೆದಿರುತ್ತಾರೆ. ಹೋಗಿ "ಇದು ನನಗೆ ಅರ್ಥವಾಗಲಿಲ್ಲ" ಎನ್ನಿ. ಅವರು ಬೈಯುವುದಿಲ್ಲ, ನಿಮ್ಮನ್ನು ಕಡಿಮೆಯಾಗಿ ಕಾಣುವುದೂ ಇಲ್ಲ. ನಾನು ಹಾಗೆ ಹೋಗಲು ಧೈರ್ಯ ಮಾಡಿದ್ದು ಫೆಬ್ರವರಿಯಲ್ಲಿ, ಅಕ್ಟೋಬರಿನಲ್ಲೇ ಹೋಗಬಹುದಿತ್ತು.

ಜೂನ್ ಜುಲೈ ಹೊತ್ತಿಗೆ ಫಲಿತಾಂಶ ಬರುತ್ತದೆ. ನನಗೆ ಗಣಿತದಲ್ಲಿ 73 ಬಂತು. ಆ ಬೇಸಿಗೆಯಲ್ಲಿ ಊರಿಗೆ ಬಂದವರು ಮೊದಲ ವರ್ಷದ ಮೆಟೀರಿಯಲ್ ಬ್ಯಾಲೆನ್ಸ್ (ಆಲೆಮನೆಯಂಥ ಒಳಗೆ-ಹೊರಗಿನ ಲೆಕ್ಕ) ಪುಸ್ತಕದ ಮೊದಲ ಎರಡು ಅಧ್ಯಾಯದ ಲೆಕ್ಕಗಳನ್ನು ಪೆನ್ಸಿಲ್ ಹಿಡಿದು ಮಾಡಿ ಮುಗಿಸಿ. ದಿನಕ್ಕೆ ನಾಲ್ಕು ಲೆಕ್ಕ, ಮೂರು ವಾರ. ಅಕ್ಟೋಬರಿನಲ್ಲಿ ಎ ಲೆವೆಲ್ ಮುಗಿಸಿ ನೇರ ಬಂದವರ ಪಕ್ಕ ಕೂತಾಗ ಅವರಷ್ಟೇ ವೇಗದಲ್ಲಿ ಬರೆಯುತ್ತೀರಿ.